ಬುಡಕ್ಕೆ, ಕೊನೆಗೆ

ಸೆಪ್ಟೆಂಬರ್ ೪, ಗುರುವಾರ

ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಟಾಗ ಅವರ ಬಲಗಿವಿಯ ಹಿಂದೆ ಹಳದಿ ಬಣ್ಣದ ಒಂದು ಹನಿ ಒಣಗಿ ಅಂಟಿಕೊಂಡಿತ್ತು. ಮೊನ್ನೆಯೂ ಅಲ್ಲೇ ಇತ್ತು. ಗೋಡೆಗೆ ಬಣ್ಣ ಬಳಿಯುವವರ ಕಿವಿಯ ಹಿಂದೆ ಬಣ್ಣವಿರುವುದು ದೊಡ್ಡ ಸುದ್ದಿಯಲ್ಲ. ಆದರೆ ಅಪ್ಪನ ತಲೆಯಲ್ಲಿ ಕೂದಲಿಲ್ಲ, ಹಾಗಾಗಿ ಅಲ್ಲಿ ಏನಿದ್ದರೂ ಎದ್ದು ಕಾಣುತ್ತದೆ. ಹೇಳಬೇಕು ಅಂದುಕೊಂಡೆ. ಅಂದುಕೊಳ್ಳುವಷ್ಟರಲ್ಲಿ ಅವರು ಗೇಟು ದಾಟಿದ್ದರು. ನನ್ನ ಬಾಳೇ ಇಷ್ಟು. ಕಣ್ಣಿಗೆ ಬಿದ್ದದ್ದು ಬಾಯಿಗೆ ಬರುವಷ್ಟರಲ್ಲಿ ಎಲ್ಲರೂ ಗೇಟು ದಾಟಿರುತ್ತಾರೆ.

ಪ್ರೆಸ್ಸಿನಲ್ಲಿ ಇವತ್ತು ಸಡಗರ. ತಲೆಗೂದಲ ಬಣ್ಣದ ಕಂಪನಿಯವರು ನಮಗೆಲ್ಲ ಒಂದೊಂದು ಡಬ್ಬಿ ಉಚಿತವಾಗಿ ಕಳಿಸಿದ್ದರು. ಯಜಮಾನರು ತಮ್ಮ ಡಬ್ಬಿಯನ್ನು ಯಾರೂ ನೋಡದ ಹಾಗೆ ಚೀಲಕ್ಕೆ ಹಾಕಿಕೊಂಡರು, ಎಲ್ಲರೂ ನೋಡಿದೆವು. ಮೆಷೀನ್ ಓಡಿಸುವ ಮಾಮ ತಮ್ಮದನ್ನು ಮೂಸಿ, "ಇದಕ್ಕಿಂತ ನಮ್ಮ ಇಂಕೇ ವಾಸಿ, ಸತ್ತರೂ ಹೋಗಲ್ಲ" ಅಂದರು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಅಕ್ಕ ತಮ್ಮದನ್ನೂ ನನ್ನ ಮೇಜಿನ ಮೇಲೆ ಇಟ್ಟು, "ನಂದು ನೀನೇ ಇಟ್ಕೋ ಎಂ.ಎ., ನನ್ನ ಬಿಳಿ ಕೂದಲು ನಾನು ದುಡಿದು ಸಂಪಾದಿಸಿದ್ದು" ಅಂದರು. ಅವರು ನನ್ನನ್ನು ಕರೆಯುವುದು ಹೀಗೆ, ನಾನು ಓದಿದ್ದನ್ನೇ ಹೆಸರು ಮಾಡಿ. ಹದಿನೇಳು ವರ್ಷದಿಂದ ಈ ಪ್ರೆಸ್ಸಿನ ಅಕ್ಷರವೆಲ್ಲ ಅವರ ಬೆರಳಿನಿಂದಲೇ ಬಂದದ್ದು.

ನನಗೆ ಡಬ್ಬಿಗಿಂತ ಅದರೊಳಗಿನ ಕಾಗದ ಮುಖ್ಯ. ಬಣ್ಣ ಹಚ್ಚುವುದು ಹೇಗೆ ಎಂಬ ಆ ಸೂಚನಾಪತ್ರ ನಾನು ಸೇರಿದ ವಾರ ತಿದ್ದಿದ ಮೊದಲ ಕರಡು. ಸಾಹಿತ್ಯ ಓದಿ ಕೊನೆಗೆ ಮಾತ್ರೆ, ಮುಲಾಮು, ಹಲ್ಲುಪುಡಿಯ ಕಾಗದ ತಿದ್ದುತ್ತಿದ್ದೇನೆ ಎಂದು ಬೇಸರಪಟ್ಟದ್ದುಂಟು. ಆದರೆ ಇವತ್ತು ಅದನ್ನು ಬಿಡಿಸಿ ಓದಿದಾಗ ಖುಷಿಯಾಯಿತು. ನಾಲ್ಕನೆಯ ಸೂಚನೆಯಲ್ಲಿ ಬುಡ, ಕೊನೆ ಎಂಬ ಎರಡು ಪದಗಳು ಒಂದಕ್ಕೊಂದು ಅಂಟಿಕೊಂಡು ಉಸಿರುಗಟ್ಟಿದ್ದವು. ನಾನು ನಡುವೆ ಒಂದು ಅಲ್ಪವಿರಾಮ ಹಾಕಿ ಬಿಡಿಸಿದ್ದೆ. "ಬಣ್ಣವನ್ನು ಬುಡಕ್ಕೆ, ಕೊನೆಗೆ ಹಚ್ಚಿ." ಎಷ್ಟು ಸಲೀಸಾಗಿದೆ! ಹತ್ತು ಸಾವಿರ ಪ್ರತಿ. ಸಣ್ಣದಾದರೂ ಅಚ್ಚಾದ ನನ್ನ ಮೊದಲ ಕೃತಿ ಆ ಅಲ್ಪವಿರಾಮ.

ಕೆಲಸದ ಪರೀಕ್ಷಾವಧಿಯ ಮೂರು ತಿಂಗಳು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಕಾಯಂ ಮಾಡುತ್ತಾರೋ ಇಲ್ಲವೋ ತಿಳಿಯದು. ಯಜಮಾನರು ಇವತ್ತೂ ಅಕ್ಕನನ್ನು ಕೇಳುತ್ತಿದ್ದರು, "ಆ ಹುಡುಗಿಗೆ ಬಾಯಿ ಇದೆಯಾ?" ಅಂತ. ನಾನು ಎರಡಡಿ ದೂರದಲ್ಲೇ ಇದ್ದೆ.

ಭಾನುವಾರ ಹಚ್ಚಿಕೊಳ್ಳೋಣ ಅನ್ನಿಸುತ್ತಿದೆ. ಡಬ್ಬಿಯ ಮೇಲೆ "ಕಡುಗಂದು" ಎಂದಿದೆ. ಕಪ್ಪಿಗೂ ಕಂದಿಗೂ ಕೂದಲೆಳೆಯಷ್ಟೇ ವ್ಯತ್ಯಾಸ. ಯಾರಿಗೂ ಗೊತ್ತಾಗದ ಹಾಗೆ ಸ್ವಲ್ಪ ಬದಲಾಗಬೇಕು, ಅಷ್ಟೇ ನನ್ನ ಆಸೆ.

ಸೆಪ್ಟೆಂಬರ್ ೭, ಭಾನುವಾರ

ಗೊತ್ತಾಯಿತು. ಎಲ್ಲರಿಗೂ ಗೊತ್ತಾಯಿತು.

ಸೂಚನೆಯಲ್ಲಿದ್ದ ಹಾಗೇ ಮಾಡಿದೆ. ನಾನೇ ತಿದ್ದಿದ ಕಾಗದ, ತಪ್ಪುವುದು ಹೇಗೆ? ಕೂದಲನ್ನು ನಾಲ್ಕು ಭಾಗ ಮಾಡಿದೆ. ಬುಡಕ್ಕೆ ಹಚ್ಚಿದೆ. ಆಮೇಲೆ ನಿಧಾನವಾಗಿ ತುದಿಯವರೆಗೆ ಎಳೆದೆ. ಮೂವತ್ತು ನಿಮಿಷ ಬಿಟ್ಟು ತೊಳೆದೆ. ಒದ್ದೆಯಿದ್ದಾಗ ಚೆನ್ನಾಗೇ ಕಂಡಿತು. ಒಣಗುತ್ತಾ ಬಂದಂತೆ ನೆತ್ತಿಯ ಸುತ್ತ ಒಂದಿಂಚಿನಷ್ಟು ಹೊಳೆಯತೊಡಗಿತು. ಕಂದಲ್ಲ, ಕೆಂಪೂ ಅಲ್ಲ. ಚೆನ್ನಾಗಿ ತಿಕ್ಕಿದ ತಾಮ್ರದ ಹಂಡೆಯ ಬಣ್ಣ. ಅದರ ಕೆಳಗೆ ಕೂದಲು ಮೊದಲಿನ ಹಾಗೇ, ನನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಕಪ್ಪಗೆ ಇಳಿಬಿದ್ದಿತ್ತು.

ಬಚ್ಚಲಿನಿಂದ ಹೊರಬಂದಾಗ ಅಮ್ಮ ಹೊಲಿಗೆ ಮೆಷೀನಿನ ಮುಂದೆ ಇದ್ದಳು. ತಲೆಯೆತ್ತಿದಳು. ಕಾಲು ನಿಂತಿತು, ಮೆಷೀನು ನಿಂತಿತು.

"ಏನೇ ಇದು?"

"ಕಡುಗಂದು."

"ಇದಾ? ಬಾ ಇಲ್ಲಿ." ದಾರದ ಡಬ್ಬಿ ತೆಗೆದು ಉಂಡೆಗಳನ್ನು ಒಂದೊಂದಾಗಿ ನನ್ನ ನೆತ್ತಿಗೆ ಹಿಡಿದು ನೋಡಿದಳು. "ಇದಲ್ಲ... ಇದೂ ಅಲ್ಲ... ಹಾಂ, ನೂರ ಹದಿನೇಳು. ಇದರಲ್ಲಿ ಹೋದ ವರ್ಷ ಒಂದು ಪರದೆ ಹೊಲಿದಿದ್ದೆ. ಅವರು ವಾಪಸ್ ತಂದುಕೊಟ್ಟರು."

ಅಷ್ಟರಲ್ಲಿ ಅಪ್ಪ ಬಂದರು. ನನ್ನ ಸುತ್ತ ಒಂದು ಸುತ್ತು ಹಾಕಿದರು. ಹೊಸ ಮನೆಯ ಗೋಡೆ ನೋಡುವಾಗ ಹೀಗೇ ಕೈಕಟ್ಟಿ ನೋಡುತ್ತಾರೆ.

"ಪ್ರೈಮರ್ ಹೊಡೆದಿದ್ಯಾ?"

"ಅಪ್ಪಾ, ಇದು ತಲೆ."

"ತಲೆ ಆದ್ರೇನು, ಗೋಡೆ ಆದ್ರೇನು? ಮೇಲೆ ಹಿಡಿದಿದೆ, ಕೆಳಗೆ ಹಿಡಿದಿಲ್ಲ. ಎರಡನೇ ಕೋಟ್ ಹೊಡೆದ್ರೆ ಸರಿಹೋಗುತ್ತೆ. ನಾಳೆ ನಾನೇ ಬೇಕಾದ್ರೆ..."

"ನಿಮ್ಮ ತಲೇಲಿ ಒಂದೂ ಉಳಿಸಿಕೊಂಡಿಲ್ಲ, ಮಗಳ ತಲೆಗೆ ಕೈಹಾಕ್ಬೇಡಿ" ಎಂದಳು ಅಮ್ಮ.

ಊಟದ ಹೊತ್ತಿನಲ್ಲಿ ಇಬ್ಬರೂ ತಟ್ಟೆ ನೋಡಿಕೊಂಡೇ ಊಟ ಮಾಡಿದರು. ಅಮ್ಮನ ಭುಜ ಆಗಾಗ ಕುಲುಕುತ್ತಿತ್ತು.

ಸೆಪ್ಟೆಂಬರ್ ೮, ಸೋಮವಾರ

ತಲೆಗೆ ಶಾಲು ಸುತ್ತಿಕೊಂಡು ಹೋದೆ. ನೆಗಡಿ ಎಂದೆ. ಅಕ್ಕ ಬಿಸಿನೀರು ತಂದುಕೊಟ್ಟರು. ಸುಳ್ಳಿಗೆ ಸಿಕ್ಕ ಬಿಸಿನೀರನ್ನು ಅಷ್ಟೂ ಕುಡಿದೆ.

ಸೆಪ್ಟೆಂಬರ್ ೯, ಮಂಗಳವಾರ

ನೆಗಡಿ.

ಸೆಪ್ಟೆಂಬರ್ ೧೧, ಗುರುವಾರ

ಇವತ್ತು ಮಾನ ಹೋಯಿತು. ಹೋದ ರೀತಿಯನ್ನು ಬರೆದಿಡುತ್ತೇನೆ.

ಅಚ್ಚಾಗುತ್ತಿದ್ದ ಹಾಳೆಯನ್ನು ನೋಡಲು ಮೆಷೀನಿನ ಹತ್ತಿರ ಬಗ್ಗಿದೆ. ಶಾಲಿನ ತುದಿ ಜೋತುಬಿತ್ತು. ಮಾಮ ಅಲ್ಲಿಂದಲೇ ಕೂಗಿದರು.

"ಏ ತಾಯಿ! ಶಾಲು ತೆಗಿ! ಈ ಮೆಷೀನಿಗೆ ಕಾಗದ ಯಾವುದು, ಬಟ್ಟೆ ಯಾವುದು, ಕುತ್ತಿಗೆ ಯಾವುದು ಅಂತ ಗೊತ್ತಾಗಲ್ಲ!"

ಹೆದರಿ ಎಳೆದುಬಿಟ್ಟೆ. ಮಾಮ ಗುಂಡಿ ಒತ್ತಿ ಮೆಷೀನು ನಿಲ್ಲಿಸಿದರು. ಶಾಲಿಗಾಗಿ ಅಲ್ಲ, ಸರಿಯಾಗಿ ನೋಡುವುದಕ್ಕೆ.

ಅಕ್ಕ ಕುರ್ಚಿಯಿಂದಲೇ ತಿರುಗಿದರು. "ಹಣೆಬರಹ ಅಂತ ಕೇಳಿದ್ದೆ. ತಲೆಬರಹ ಇವತ್ತೇ ನೋಡಿದ್ದು. ಅದೂ ಬಣ್ಣದಲ್ಲಿ!"

"ಎರಡು ಬಣ್ಣದ ಕೆಲಸ ಕಣಕ್ಕಾ" ಎಂದರು ಮಾಮ. "ಮೇಲೆ ಕಿತ್ತಳೆ, ಕೆಳಗೆ ಕಪ್ಪು. ಗೆರೆ ನೋಡಿ, ನೂಲು ಹಿಡಿದ ಹಾಗಿದೆ. ನನ್ನ ಮೆಷೀನಿನಲ್ಲೂ ಇಷ್ಟು ನೀಟಾಗಿ ಕೂರಲ್ಲ."

"ಕರಡು ನೋಡದೆ ಅಚ್ಚಿಗೆ ಕಳಿಸಿದ್ದು, ಮಾಮ" ಎಂದೆ.

ಅಕ್ಕ ಮೇಜು ಬಡಿದು ನಕ್ಕರು, ನಗುತ್ತಾ ಕೆಮ್ಮಿದರು, ಕೆಮ್ಮುತ್ತಾ "ಬಾಯಿ ಇದೆ! ಯಜಮಾನ್ರೇ, ಇದೆ!" ಎಂದು ಕೂಗಿದರು. ಯಜಮಾನರು ಇನ್ನೂ ಬಂದಿರಲಿಲ್ಲ, ಪುಣ್ಯ.

ಹಾಗೇಕೆ ಅಂದೆನೋ ಗೊತ್ತಿಲ್ಲ. ನಾಲ್ಕು ದಿನ ನೆಗಡಿಯ ನಾಟಕ ಮಾಡಿ ಗಂಟಲು ಕೆಟ್ಟಿರಬೇಕು.

ಯಜಮಾನರು ಹನ್ನೊಂದಕ್ಕೆ ಬಂದರು. ಅವರು ನನ್ನ ಕೂದಲು ನೋಡಲಿಲ್ಲ. ತಮ್ಮ ಟೋಪಿ ಸರಿಮಾಡಿಕೊಂಡು ಸೀದಾ ಒಳಗೆ ಹೋದರು. ಅವರು ಟೋಪಿ ಹಾಕಿದ್ದನ್ನು ನಾನು ಈ ಮೊದಲು ನೋಡಿರಲಿಲ್ಲ.

ಸೆಪ್ಟೆಂಬರ್ ೧೩, ಶನಿವಾರ

ಅರ್ಧ ದಿನದ ಕೆಲಸ ಮುಗಿಸಿ ಪಾರ್ಲರಿಗೆ ಹೋದೆ. ಬಾಗಿಲ ಮುಂದೆ ಮೂರು ಸಲ ಹಾದುಹೋದೆ. ನಾಲ್ಕನೆಯ ಸಲಕ್ಕೆ ಒಳಗಿದ್ದವರೇ ಬಾಗಿಲು ತೆರೆದು, "ಬಾಮ್ಮಾ, ಬೀದಿ ಸವೆದುಹೋಯ್ತು" ಎಂದರು. ಜುಟ್ಟಿಗೇ ಬಾಚಣಿಗೆ ಸಿಕ್ಕಿಸಿಕೊಂಡಿರುವ ಗಟ್ಟಿ ದನಿಯ ಹೆಂಗಸು.

ಕೂರಿಸಿ, ದೀಪ ಹಾಕಿ, ಬೈತಲೆ ಬಿಡಿಸಿ ನೋಡಿದರು. ಆಶ್ಚರ್ಯವೇನೂ ಪಡಲಿಲ್ಲ.

"ಐದನೆಯವಳು."

"ಹಾಂ?"

"ಈ ತಿಂಗಳಲ್ಲಿ ನೀನು ಐದನೆಯವಳು. ಅದೇ ಡಬ್ಬಿ, ಅದೇ ತಲೆ. ಮೊದಲು ಎಲ್ಲಿಗೆ ಹಚ್ಚಿದೆ?"

"ಬುಡಕ್ಕೆ."

"ಯಾರು ಹೇಳಿದ್ದು?"

"ಒಳಗೆ ಕಾಗದ ಇತ್ತಲ್ಲ..."

"ಹಾಳು ಕಾಗದ! ಎಲ್ರೂ ಅದನ್ನೇ ಹೇಳೋದು." ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟರು. "ನೋಡು, ನೆತ್ತಿ ಬೆಚ್ಚಗಿದೆಯಾ? ಆ ಶಾಖಕ್ಕೆ ಬುಡದಲ್ಲಿ ಬಣ್ಣ ಬೇಗ ಹಿಡಿಯುತ್ತೆ, ಜಾಸ್ತಿ ಹಿಡಿಯುತ್ತೆ. ಕೆಳಗಿನ ಕೂದಲಿಗೆ ಶಾಖ ಇಲ್ಲ, ಅದಕ್ಕೆ ಹೊತ್ತು ಬೇಕು. ಅದಕ್ಕೇ ಮೊದಲು ಉದ್ದಕ್ಕೆ, ತುದಿಗೆ. ಬುಡಕ್ಕೆ ಕೊನೆಗೆ."

"ಏನಂದ್ರಿ?"

"ಬುಡಕ್ಕೆ ಕೊನೆಗೆ ಹಚ್ಚಬೇಕು. ಕಿವಿ ಮಂದವಾ?"

ಕಿವಿ ಮಂದವಿರಲಿಲ್ಲ. ಅವರು ಆ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದರು. ನಡುವೆ ಎಲ್ಲೂ ನಿಲ್ಲಲಿಲ್ಲ.

ಕನ್ನಡಿಯಲ್ಲಿ ನನ್ನ ಮುಖ ನೋಡಿದೆ. ಕೂದಲಿನ ಬುಡದಿಂದ ಕೆಂಪು ಕೆಳಕ್ಕಿಳಿದು ಕಿವಿಯವರೆಗೂ ಬಂದಿತ್ತು.

"ಆ ಕಾಗದ ಬರೆದ ಮಹಾನುಭಾವರು ಯಾರೋ" ಎಂದು ಅವರು ಬಾಚುತ್ತಲೇ ಇದ್ದರು. "ಸಿಕ್ಕಿದ್ರೆ ಕೂರಿಸಿ ಟೀ ಕೊಡ್ತೀನಿ. ನನ್ನ ವ್ಯಾಪಾರ ಹೀಗೆ ಯಾವತ್ತೂ ಆಗಿರಲಿಲ್ಲ. ಆಮೇಲೆ ಅವರ ತಲೆಗೂ ಅದನ್ನೇ ಹಚ್ತೀನಿ."

ಈಗಲೇ ಏನೂ ಮಾಡಬಾರದಂತೆ. ಕೂದಲು ಒಣಗಿದೆ, ಎರಡು ವಾರ ಸುಧಾರಿಸಿಕೊಳ್ಳಲಿ, ಆಮೇಲೆ ಬುಡಕ್ಕಷ್ಟೇ ಕೆಳಗಿನ ಕೂದಲಿಗೆ ಹೊಂದುವ ಗಾಢ ಬಣ್ಣ ಹಾಕಿ ಸರಿಮಾಡುತ್ತಾರಂತೆ. ಇಪ್ಪತ್ತೇಳಕ್ಕೆ ಬರಬೇಕು. ಅಷ್ಟರಲ್ಲಿ ಮನೆಯಲ್ಲಿ ಯಾರ ಮಾತನ್ನೂ ಕೇಳಿ ಏನನ್ನೂ ಬಳಿದುಕೊಳ್ಳಬಾರದಂತೆ. ಅಪ್ಪನನ್ನು ನೋಡದೆಯೇ ಅವರಿಗೆ ಅಪ್ಪ ಗೊತ್ತು.

ಸೆಪ್ಟೆಂಬರ್ ೧೪, ಭಾನುವಾರ

ಕೊನೆ ಎಂದರೆ ತುದಿ. ಕೊನೆಗೆ ಎಂದರೆ ತುದಿಗೆ. ಕೊನೆಗೆ ಎಂದರೆ ಕಟ್ಟಕಡೆಯಲ್ಲಿ ಎಂದೂ ಹೌದು. ಇದು ಮೂರನೇ ಕ್ಲಾಸಿನವರಿಗೂ ಗೊತ್ತು. ಎಂ.ಎ. ಮಾಡಿದವಳು ನಾಮಪದವನ್ನು ನೋಡಿದಳು, ಅವ್ಯಯವನ್ನು ನೋಡಲಿಲ್ಲ. ಕಂಪನಿಯವರು ಬರೆದು ಕಳಿಸಿದ್ದರಲ್ಲಿ ಅಲ್ಪವಿರಾಮ ಇರಲಿಲ್ಲ. ಉಸಿರುಗಟ್ಟಿದೆ ಎಂದು ನಾನು ಬಿಡಿಸಿದ ಪದಗಳು ಕೈಕೈ ಹಿಡಿದು ನಿಂತಿದ್ದವು.

ಹತ್ತು ಸಾವಿರ ಪ್ರತಿ.

ಸೆಪ್ಟೆಂಬರ್ ೧೬, ಮಂಗಳವಾರ

ಬಸ್ ಸ್ಟಾಪಿನಲ್ಲಿ ಒಬ್ಬ ಹೆಂಗಸು ಛತ್ರಿ ಹಿಡಿದು ನಿಂತಿದ್ದರು. ಮಳೆ ಇರಲಿಲ್ಲ, ಬಿಸಿಲೂ ಇರಲಿಲ್ಲ. ನಾನು ಅವರ ಛತ್ರಿಯ ಕೆಳಗೆ ನೋಡಿದೆ, ಅವರು ನನ್ನ ತಲೆ ನೋಡಿದರು. ಇಬ್ಬರೂ ನೂರ ಹದಿನೇಳು.

"ನೀವೂನಾ?" ಎಂದರು.

"ಹೂಂ."

ಛತ್ರಿ ಮಡಚಿದರು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರಂತೆ. ಹತ್ತು ದಿನದಿಂದ ಇಡೀ ಶಾಲೆ ಅವರನ್ನು ಬೆಂಕಿಕಡ್ಡಿ ಎನ್ನುತ್ತಿದೆಯಂತೆ. "ಹೆಡ್‌ಮಾಸ್ಟರೂ ಅಂತಾರೆ ರೀ! ಮೀಟಿಂಗಿನಲ್ಲಿ 'ಈ ವಿಷಯದಲ್ಲಿ ಬೆಂಕಿ... ಟೀಚರ್ ಏನ್ ಹೇಳ್ತಾರೆ' ಅಂದ್ರು. ನಾನು ಬಿಡಲ್ಲ. ಕಂಪನಿಗೆ ಬರೆದಿದ್ದೀನಿ. ನೋಡಿ."

ಪತ್ರ ಕೊಟ್ಟರು. ಅದರಲ್ಲಿ ಮೂರು ಕಾಗುಣಿತದ ತಪ್ಪಿದ್ದವು. ತಡೆದುಕೊಳ್ಳಲು ಎಷ್ಟೋ ನೋಡಿದೆ. ಕೈ ತಾನಾಗಿ ಕೆಂಪು ಪೆನ್ನು ತೆಗೆಯಿತು.

"ಇಲ್ಲಿ 'ಸೂಚನೆ ಸರಿ ಇಲ್ಲ' ಅಂತ ಬರೆದಿದ್ದೀರಿ. ಸ್ವಲ್ಪ ಸಪ್ಪೆ" ಎಂದೆ. "'ನಿಮ್ಮ ಸೂಚನೆ ಬುಡದಿಂದ ಕೊನೆಯವರೆಗೆ ತಪ್ಪು' ಅಂದ್ರೆ?"

ಅವರು ನನ್ನ ಕೈ ಹಿಡಿದುಕೊಂಡರು. "ನೀವು ಎಲ್ಲಿ ಕೆಲಸ ಮಾಡ್ತೀರಿ?"

ಬಸ್ಸು ಬಂತು. ನನ್ನ ಬಸ್ಸಲ್ಲ. ಆದರೂ ಹತ್ತಿದೆ.

ನನ್ನ ವಿರುದ್ಧದ ದೂರನ್ನು ನಾನೇ ತಿದ್ದಿಕೊಟ್ಟೆ, ಅದೂ ಚೆನ್ನಾಗಿ. ಸಂಜೆ ಅಪ್ಪನಿಗೆ ಕಿವಿಯ ಹಿಂದೆ ಬಣ್ಣ ಇದೆ ಎಂದೆ. "ಗೊತ್ತು ಬಿಡು, ಆ ಅಡುಗೆಮನೆಯ ಹಳದಿಗೆ ಮ್ಯಾಚ್ ಮಾಡೋಕೆ ಇಟ್ಕೊಂಡಿದ್ದೀನಿ, ಇನ್ನೊಂದು ಗೋಡೆ ಬಾಕಿ ಇದೆ" ಎಂದರು. ಒಟ್ಟಿನಲ್ಲಿ ಎಂದಿನಂತೆ ಯಾರೊಂದಿಗೂ ಹೆಚ್ಚು ಮಾತಾಡದೆ ದಿನ ಕಳೆಯಿತು.

ಸೆಪ್ಟೆಂಬರ್ ೧೯, ಶುಕ್ರವಾರ

ಪತ್ರ ಕಂಪನಿಗೆ ತಲುಪಿದೆ. ಅದರ ನಕಲು ನಮ್ಮ ಪ್ರೆಸ್ಸಿಗೂ ಬಂತು. ಜೊತೆಗೆ ಕಂಪನಿಯ ಮ್ಯಾನೇಜರರ ಫೋನೂ ಬಂತು. ಯಜಮಾನರು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೇಳಿದರು, ನಮಗೂ ಕೇಳಿತು. "ನಾವು ಕೊಟ್ಟ ಮೂಲದಲ್ಲಿ ಆ ಅಲ್ಪವಿರಾಮ ಇಲ್ಲ. ನಿಮ್ಮಲ್ಲಿ ಯಾರು ಹಾಕಿದ್ದು?"

ಫೋನಿಟ್ಟು ಯಜಮಾನರು ಪತ್ರವನ್ನು ಗಟ್ಟಿಯಾಗಿ ಓದಿದರು. "'ಬುಡದಿಂದ ಕೊನೆಯವರೆಗೆ ತಪ್ಪು!' ಯಾರೋ ಗಟ್ಟಿಗಿತ್ತಿ. ಎಂಥಾ ಭಾಷೆ! ಇಂಥವರು ನಮ್ಮ ಕಡೆ ಇರಬೇಕಿತ್ತು."

ನಾನು ಕತ್ತು ಬಗ್ಗಿಸಿದೆ. ಬಗ್ಗಿಸಬಾರದಿತ್ತು, ಬುಡ ಕಾಣುತ್ತದೆ.

ಅಕ್ಕ ಹೇಳಿದರು, "ಕರಡಿನಲ್ಲಿ ಹೇಗಿತ್ತೋ ಹಾಗೆ ಹೊಡೆದಿರ್ತೀನಿ ಯಜಮಾನ್ರೇ."

"ಎಲ್ಲಿದೆ ಕರಡು?"

ಕರಡು ಎಲ್ಲಿರುತ್ತದೆ? ಕೆಲಸ ಮುಗಿದ ತಿಂಗಳಿಗೆ ರದ್ದಿಗೆ ಹೋಗುತ್ತದೆ.

"ಕರಡು ನೋಡಿದ್ದು ಎಂ.ಎ. ಸಾಹಿತ್ಯ ಓದಿದ ಹುಡುಗಿ. ಅಂಥವಳು ಅಲ್ಪವಿರಾಮ ತಪ್ಪು ಹಾಕ್ತಾಳಾ? ಆಮೇಲೆ ನೀನೇ ಏನೋ ಒತ್ತಿದೀಯ. ಅಲ್ವೇನಮ್ಮಾ?"

ನನ್ನನ್ನೇ ಕೇಳಿದ್ದು. ನಾನು ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆ ಎಂದು ಈಗಲೂ ನೆನಪಿಲ್ಲ. ಅಡ್ಡವೋ ಉದ್ದವೋ, ಎರಡರ ನಡುವೆ ಏನೋ ಒಂದು. ಅವರು ಹೌದು ಎಂದು ತೆಗೆದುಕೊಂಡರು.

"ವಯಸ್ಸಾಯ್ತು ನಿನಗೆ. ಬರೋ ತಿಂಗಳಿಂದ ಬೇರೆ ಯಾರನ್ನಾದ್ರೂ ನೋಡ್ಕೋತೀನಿ" ಎಂದು ಅಕ್ಕನಿಗೆ ಹೇಳಿ ಒಳಗೆ ಹೋದರು.

ಅಕ್ಕ ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡು ಕೂತರು. ನನ್ನತ್ತ ವಾಲಿ ಮೆಲ್ಲಗೆ, "ಒತ್ತಿದ್ರೂ ಒತ್ತಿರಬಹುದು ಎಂ.ಎ., ನೆನಪಾಗ್ತಿಲ್ಲ. ಈಚೆಗೆ ಕಣ್ಣು ಮಂಜಾಗ್ತಿದೆಯೋ ಏನೋ" ಎಂದರು.

ನನ್ನ ಮೇಲೆ ಅನುಮಾನ ಪಟ್ಟಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಸೆಪ್ಟೆಂಬರ್ ೨೦, ಶನಿವಾರ

ಇವತ್ತು ಅಕ್ಕನಿಗೆ ಹೇಳಲು ಮೂರು ಸಲ ಎದ್ದೆ.

ಮೊದಲ ಸಲ "ಅಕ್ಕಾ" ಎಂದೆ. "ಏನು?" ಎಂದರು. "ಸ್ಟೇಪ್ಲರ್" ಎಂದೆ. ಕೊಟ್ಟರು.

ಎರಡನೆಯ ಸಲ "ಅಕ್ಕಾ, ಆ ಅಲ್ಪ..." ಎಂದೆ. "ಅಲ್ಪಾಹಾರನಾ? ನನಗೂ ಹಸಿವು ಬಾ" ಎಂದು ಎಬ್ಬಿಸಿಕೊಂಡು ಹೋಗಿ ತಮ್ಮ ಡಬ್ಬಿಯಲ್ಲಿ ಅರ್ಧ ನನಗೆ ಹಾಕಿದರು. ತಿಂದೆ.

ಮೂರನೆಯ ಸಲ ಚೀಟಿಯಲ್ಲಿ ಬರೆದೆ. "ಆ ಅಲ್ಪವಿರಾಮ ಹಾಕಿದ್ದು ನಾನು." ಬರೆದು ನೋಡಿದರೆ ವಾಕ್ಯ ಒರಟಾಗಿತ್ತು. "ಹಾಕಿದವಳು" ಎಂದು ತಿದ್ದಿದೆ. ಅದಕ್ಕಿಂತ "ನನ್ನಿಂದಾದ" ಎನ್ನಬಹುದೇ ಎಂದು ಯೋಚಿಸಿದೆ. ತಿದ್ದುತ್ತಾ ತಿದ್ದುತ್ತಾ ಒಂದು ಗಂಟೆಯಾಯಿತು, ಅಕ್ಕ ಚೀಲ ಹಾಕಿಕೊಂಡು ಮನೆಗೆ ಹೊರಟುಹೋಗಿದ್ದರು.

ಚೀಟಿಯನ್ನು ಬಸ್ಸಿನಲ್ಲಿ ಹರಿದೆ. ವಾಕ್ಯ ಕೊನೆಗೂ ಸರಿಯಾಗಿರಲಿಲ್ಲ.

ಸೆಪ್ಟೆಂಬರ್ ೨೨, ಸೋಮವಾರ

ಅಕ್ಕ ಅರ್ಧ ದಿನ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ಮಾಮ ಕೇಳಿದರು, "ಏನಂತೆ?"

"ಗೋಡೆ ಮೇಲಿನ ಅಕ್ಷರ ಎಲ್ಲಾ ಓದಿದೆ, ಕೆಳಗಿನ ಸಾಲಿನವರೆಗೆ. ಮೂರನೇ ಸಾಲಿನಲ್ಲಿ ಎರಡು ಅಕ್ಷರದ ಮಧ್ಯೆ ಜಾಗ ಜಾಸ್ತಿಯಾಗಿದೆ ಅಂತ ಅದನ್ನೂ ಹೇಳಿದೆ. ಡಾಕ್ಟರು ಕುರ್ಚಿಯಿಂದ ಎದ್ದು ಹೋಗಿ ನೋಡಿದ್ರು. ಹದಿನೈದು ವರ್ಷದಿಂದ ಇದ್ದ ಬೋರ್ಡಂತೆ, ಅವರಿಗೇ ಕಂಡಿರಲಿಲ್ಲವಂತೆ."

"ಮತ್ತೆ ಒಳ್ಳೇದೇ ಆಯ್ತಲ್ಲ!"

"ಏನು ಒಳ್ಳೇದು? ಕಣ್ಣು ಸರಿ ಇದೆ ಅಂದ್ರೆ ಕೆಟ್ಟಿರೋದು ತಲೆ ಅಂತ ಆಯ್ತು."

ನಗುತ್ತಲೇ ಹೇಳಿದರು. ಮಾಮನೂ ನಕ್ಕರು. ಮಧ್ಯಾಹ್ನ ಅಕ್ಕ ಹೊಡೆದ ಜ್ವರದ ಮಾತ್ರೆಯ ಕಾಗದ ನನ್ನ ಮೇಜಿಗೆ ಬಂತು. ಇಡೀ ಕಾಗದದಲ್ಲಿ ಒಂದೂ ಅಲ್ಪವಿರಾಮವಿರಲಿಲ್ಲ. ಮೂಲದಲ್ಲಿದ್ದವನ್ನೂ ಬಿಟ್ಟಿದ್ದರು. "ಜ್ವರ ಇಳಿಯದಿದ್ದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕೇಳದೆ ಮತ್ತೆ ಕೊಡಬೇಡಿ" ಎಂದಿತ್ತು. ಓದಿದವರಿಗೆ ಜ್ವರ ಬರುತ್ತದೆ.

"ಅಕ್ಕಾ, ಇಲ್ಲಿ 'ನಿಲ್ಲಿಸಿ' ಆದಮೇಲೆ..."

"ನೀನೇ ಪೆನ್ನಲ್ಲಿ ಹಾಕು. ಆ ಕೀ ನಾನು ಇನ್ಮೇಲೆ ಮುಟ್ಟಲ್ಲ."

ಹದಿನೇಳು ವರ್ಷ ಇಡೀ ಊರಿನ ಅಕ್ಷರ ಜೋಡಿಸಿದವರು ಒಂದು ಕೀಗೆ ಹೆದರುತ್ತಿದ್ದಾರೆ. ಆ ಕೀಯ ಮೇಲಿದ್ದದ್ದು ಅವರ ಬೆರಳಲ್ಲ, ನನ್ನ ಪೆನ್ನು.

ಎಲ್ಲಾ ಅಲ್ಪವಿರಾಮಗಳನ್ನೂ ಹಾಕಿ ಕೊಟ್ಟೆ. ಹದಿನಾಲ್ಕು. ಪ್ರತಿಯೊಂದನ್ನು ಹಾಕುವಾಗಲೂ ಪಕ್ಕದಲ್ಲಿ ಯಾರೋ ನಿಂತು ನೋಡುತ್ತಿರುವ ಹಾಗಿತ್ತು.

ಸೆಪ್ಟೆಂಬರ್ ೨೫, ಗುರುವಾರ

ಬೆಳಿಗ್ಗೆ ಯಜಮಾನರು ಒಳಗೆ ಕರೆದರು. ಟೋಪಿ ಇರಲಿಲ್ಲ. ತಲೆ ನುಣ್ಣಗೆ ಬೋಳಿಸಿತ್ತು. ನಾನು ಅತ್ತ ನೋಡಲಿಲ್ಲ, ಅವರು ನನ್ನ ತಲೆಯತ್ತ ನೋಡಲಿಲ್ಲ. ಒಂದೇ ಡಬ್ಬಿಯ ಉಪ್ಪು ತಿಂದವರ ನಡುವೆ ಅಷ್ಟು ಮರ್ಯಾದೆ ಇರಬೇಕು.

"ಒಂದನೇ ತಾರೀಖಿನಿಂದ ನೀನು ಕಾಯಂ" ಎಂದರು. "ನೋಡಮ್ಮಾ, ನನಗೆ ನಿನ್ನಂಥವರೇ ಬೇಕು. ತಾನಾಯಿತು, ತನ್ನ ಕೆಲಸವಾಯಿತು. ಮಾತಿಲ್ಲ ಕತೆಯಿಲ್ಲ."

ಮೂರು ತಿಂಗಳು ಕಾಯುತ್ತಿದ್ದ ಮಾತು. ಖುಷಿ ಬರಲಿ ಎಂದು ಕಾದೆ. ಖುಷಿ ಬರಲಿಲ್ಲ.

"ಇನ್ನೊಂದು. ಆ ಕಂಪನಿಯವರು ಪ್ರತಿ ಅಂಗಡಿಗೂ ಒಂದು ತಪ್ಪು-ಒಪ್ಪು ಚೀಟಿ ಹಂಚಬೇಕಂತೆ. ಯಾರಿಂದ ತಪ್ಪಾಯ್ತು ಅಂತಲೂ ಇರಬೇಕಂತೆ, ಅವರ ಹೆಸರಿಗೆ ಮಸಿ ಹತ್ತಬಾರದಲ್ಲ. ಬರೆದಿದ್ದೀನಿ, ಹೊಡಿಸಿಕೊಂಡು ಬಾ."

ಅದನ್ನು ಹೊಡೆದದ್ದು ಅಕ್ಕನೇ. "ತಪ್ಪು: ಬುಡಕ್ಕೆ, ಕೊನೆಗೆ ಹಚ್ಚಿ. ಒಪ್ಪು: ಬುಡಕ್ಕೆ ಕೊನೆಯಲ್ಲಿ ಹಚ್ಚಿ." ಅದರ ಕೆಳಗೆ, "ಅಕ್ಷರ ಜೋಡಿಸಿದವರ ಅಜಾಗರೂಕತೆಯಿಂದ ಆದ ದೋಷಕ್ಕೆ ವಿಷಾದಿಸುತ್ತೇವೆ." ಒಂದೊಂದೇ ಅಕ್ಷರ ಒತ್ತಿ ಹೊಡೆದರು. "ಅಜಾಗರೂಕತೆ" ಎಂಬಲ್ಲಿ ನಿಲ್ಲಿಸಿ, "ಇದಕ್ಕೆ ರೂ ದೀರ್ಘ ತಾನೇ?" ಎಂದು ನನ್ನನ್ನು ಕೇಳಿದರು. ದೀರ್ಘ ಎಂದೆ. ಸರಿಯಾಗಿಯೇ ಹೊಡೆದಿದ್ದರು.

ಯಜಮಾನರು ಹೊರಗೆ ಬಂದು ನೋಡಿದರು. ಈ ಸಲ ಒಂದು ಚುಕ್ಕೆಯೂ ತಪ್ಪಬಾರದಂತೆ. ಅವರ ತಂದೆಯ ಕಾಲದಲ್ಲಿ ಇಂಥದ್ದಕ್ಕೆ ಒಬ್ಬರು ನಿಂತು ವಿರಾಮ ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದುತ್ತಿದ್ದರಂತೆ, ಉಳಿದವರೆಲ್ಲ ಕೇಳಿ ಒಪ್ಪಿದ ಮೇಲೆಯೇ ಅಚ್ಚಂತೆ. "ನಾಳೆ ಹತ್ತಕ್ಕೆ ಹಾಗೇ ಮಾಡೋಣ. ಕಂಪನಿ ಮ್ಯಾನೇಜರೂ ಬರ್ತಾರೆ. ನೀನು ಓದು."

"ನಾನಾ?"

"ಮತ್ತಿನ್ಯಾರು? ಕಾಯಂ ಆದವಳು ನೀನು."

ಅಕ್ಕ ನನ್ನ ಮುಖ ನೋಡಿ, ಯಜಮಾನರು ಹೋದ ಮೇಲೆ ನೀರಿನ ಲೋಟ ಮುಂದಿಟ್ಟರು. "ಹೆದರಬೇಡ ಎಂ.ಎ., ಮೂರೇ ಸಾಲು. ನನ್ನ ಮುಖ ನೋಡಿಕೊಂಡು ಓದು, ಬೇರೆ ಯಾರೂ ಇಲ್ಲ ಅಂದ್ಕೋ."

ತಮ್ಮ ಮೇಲಿನ ತಪ್ಪನ್ನು ತಮ್ಮ ಮುಖ ನೋಡಿಕೊಂಡೇ ಓದು ಎಂದು ಧೈರ್ಯ ಹೇಳುತ್ತಿದ್ದರು.

ಮನೆಗೆ ಬಂದು ಕರಡನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ಅಮ್ಮ ಬಂದು ಕಾಯಂ ಆದ ಸುದ್ದಿಗೆ ಬೆಟ್ಟದಷ್ಟು ಸಂತೋಷಪಟ್ಟು ಹೋದಳು. ಅಪ್ಪ, "ಹಾಗಿದ್ರೆ ನಿನ್ನ ರೂಮಿಗೆ ಬಣ್ಣ" ಎಂದರು. ನಾಳೆ ಸಂಜೆ ಅವರಿಗೆ ಬೇರೆ ಸುದ್ದಿ ಹೇಳಬೇಕಾಗಬಹುದು.

ಮೊದಲು ಹೊಳೆದದ್ದು ಹಾಳೆಯನ್ನೇ ತಿದ್ದುವುದು. "ಅಕ್ಷರ ಜೋಡಿಸಿದವರ" ಎಂಬುದನ್ನು ಹೊಡೆದು "ಕರಡು ತಿದ್ದಿದವರ" ಎಂದು ಬರೆದು ಬೆಳಿಗ್ಗೆ ಅಕ್ಕನ ಮೇಜಿನ ಮೇಲೆ ಇಟ್ಟುಬಿಡುವುದು. ಅವರು ಓದಿ ತಿಳಿದುಕೊಳ್ಳುತ್ತಾರೆ. ಆದರೆ ಅಕ್ಕ ನನಗೆ ಗೊತ್ತು. ಓದಿ, ಸುತ್ತ ನೋಡಿ, ಯಾರಿಗೂ ಹೇಳದೆ ಮೊದಲಿದ್ದ ಹಾಗೇ ಹೊಡೆದುಬಿಡುತ್ತಾರೆ. "ನಿನಗಿನ್ನೂ ಈಗ ಶುರು, ನನಗೇನು" ಎನ್ನುತ್ತಾರೆ. ನಾನು ಬೇಡ ಎನ್ನುವಷ್ಟರಲ್ಲಿ ಹತ್ತು ಸಾವಿರ ಚೀಟಿ ಅಚ್ಚಾಗಿರುತ್ತದೆ.

ಹಾಗಾಗಿ ಹಾಳೆಯನ್ನು ತಿದ್ದಿಲ್ಲ. ಇದ್ದ ಹಾಗೇ ಇದೆ. ನಾಳೆ ತಪ್ಪನ್ನೂ ಒಪ್ಪನ್ನೂ ಹಾಳೆಯಲ್ಲಿದ್ದಂತೆಯೇ ಓದುತ್ತೇನೆ. ಮೂರನೆಯ ಸಾಲಿಗೆ ಬಂದಾಗ ಹಾಳೆಯಲ್ಲಿಲ್ಲದ್ದನ್ನು ಓದುತ್ತೇನೆ. ವಾಕ್ಯ ಒರಟಾಗಿದ್ದರೂ ಸರಿ, "ಆ ಅಲ್ಪವಿರಾಮ ಹಾಕಿದ್ದು ನಾನು" ಎಂದೇ.

ಒಂದೇ ತೊಡಕು. ಹತ್ತು ಗಂಟೆಗೆ ಮೆಷೀನು ಓಡುತ್ತಿರುತ್ತದೆ. ಆ ಸದ್ದಿನಲ್ಲಿ ನನ್ನ ದನಿ ಹಿಂದೆ ನಿಂತವರಿಗೆ ಕೇಳುವುದಿಲ್ಲ, ಕೇಳಲಿಲ್ಲ ಎಂದು ನಾನೇ ನೆಮ್ಮದಿಯಿಂದ ಕೂತುಬಿಡುತ್ತೇನೆ. ಆದ್ದರಿಂದ ಮೊದಲು ಮೆಷೀನು ನಿಲ್ಲಿಸಿ ಎಂದು ಮಾಮನಿಗೆ ಕೂಗಿ ಹೇಳುತ್ತೇನೆ.